ಗಡಿಯೂರಿನ ಮನೆಮಾತು

ನಿಜಾಮರ ಕಾಲದಲ್ಲಿ ಬೀದರ ಸೀಮೆಯ ಕಚೇರಿಯ ಭಾಷೆ ಉರ್ದು. ಮನೆಗಳಲ್ಲಿ ಕನ್ನಡ, ಮರಾಠಿ, ತೆಲುಗು. ಅಂಥ ದಿನಗಳಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಕನ್ನಡ ಕಲಿಸಿದರು.

1956ರ ನವೆಂಬರ್ 1ರಂದು ಜಿಲ್ಲೆ ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ ಮುಂಬಯಿ ರಾಜ್ಯಕ್ಕೆ. ನಾರಾಯಣಖೇಡ ಹಾಗೂ ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ ಮೈಸೂರಿಗೆ. ಆದರೆ ನಕ್ಷೆಯ ಗೆರೆ ಮನೆಮಾತನ್ನು ಕತ್ತರಿಸಲಿಲ್ಲ. ಔರಾದಿನಲ್ಲಿ ಮರಾಠಿ ಮನೆಗಳು ಉಳಿದವು, ಉದಗೀರದಲ್ಲಿ ಕನ್ನಡ ಮನೆಗಳು.

ಅಂದು ಕನ್ನಡದ ಮಗು ಬೇಡಿದ್ದು ತಾಯ್ನುಡಿಯ ಅಕ್ಷರವನ್ನು. ಇಂದು ಔರಾದಿನ ಮರಾಠಿ ಮಗು ಅದನ್ನೇ ಬೇಡಿದರೆ, ಆ ಫಲಕವನ್ನು ಹೆಮ್ಮೆಯಿಂದ ನೆನೆಯುವ ನಾವು ಇಲ್ಲವೆನ್ನಲಾದೀತೆ? ರಾಜ್ಯದ ನುಡಿಯಾದ ಕನ್ನಡವನ್ನು ಆ ಮಗುವಿಗೆ ಒಲಿಸಿ ಕಲಿಸಬೇಕು, ಹೇರಿ ಅಲ್ಲ.