ಮರಳಿನ ಲೆಕ್ಕದಿಂದ ಫೋನಿನ ಲೆಕ್ಕಕ್ಕೆ

ನಮ್ಮ ಹರಿಯಬ್ಬೆ ಕಡೆಯ ಒಂದು ಈರುಳ್ಳಿ ಲೆಕ್ಕ ತಗೊಳ್ಳಿ. 50 ಕಿಲೋದ 37 ಪಾಕೆಟ್ ಯಶವಂತಪುರಕ್ಕೆ ಹೋದವು ಅಂತ ಇಟ್ಟುಕೊಳ್ಳೋಣ. ರೇಟು ಕ್ವಿಂಟಲ್‌ಗೆ 1,600 ರೂಪಾಯಿ. ಪಾಕೆಟ್‌ಗೆ ಲಾರಿ ಬಾಡಿಗೆ 60, ಹಮಾಲಿ 10. ಕೈಗೆ ಬರೋದೆಷ್ಟು? ಈಗ ಇದನ್ನು ಫೋನಿನಲ್ಲಿರೋ ಎಐಗೆ ಕೇಳಿದರೆ ಅದು ಬರೀ ಉತ್ತರ ಕೊಡಲ್ಲ. ತೂಕ 1,850 ಕಿಲೋ, ಬೆಲೆ 29,600, ಖರ್ಚು 2,590, ಉಳಿದದ್ದು 27,010 ಅಂತ ಸಾಲು ಸಾಲಾಗಿ ಬರೆಯುತ್ತೆ. ಹೀಗೆ ಬರೆಯೋದು ಅದಕ್ಕೆ ಮೊದಲಿಂದ ಬಂದದ್ದಲ್ಲ. ನಮಗೂ ಅಷ್ಟೇ.

ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಅದು ಸಂಸ್ಕೃತದಲ್ಲಿತ್ತು. 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಪದ್ಯದಲ್ಲಿ ಸೂತ್ರ, ಜೊತೆಗೆ ಅದರ ಅರ್ಥ, ಉದಾಹರಣೆ. ತ್ರೈರಾಶಿ ಅದರಲ್ಲಿ ಮುಖ್ಯ. ನಮ್ಮ ಈರುಳ್ಳಿ ಬೆಲೆ ತ್ರೈರಾಶಿಯೇ: 100 ಕಿಲೋಗೆ 1,600 ಆದರೆ 1,850 ಕಿಲೋಗೆ ಎಷ್ಟು? ಎರಡನೆಯದನ್ನು ಮೂರನೆಯದರಿಂದ ಗುಣಿಸಿ ಮೊದಲನೆಯದರಿಂದ ಭಾಗಿಸಬೇಕು. ಯಾವುದು ಮೊದಲು, ಯಾವುದು ಆಮೇಲೆ ಅಂತ ಜೋಡಿಸೋದರಲ್ಲೇ ಅರ್ಧ ಕೆಲಸ ಮುಗಿಯುತ್ತೆ.

ಆಗ ಲೆಕ್ಕ ಮಾಡ್ತಿದ್ದದ್ದು ಹಲಗೆ ಮೇಲೆ ಹರಡಿದ ಧೂಳಿನಲ್ಲಿ. ಧೂಳೀಕರ್ಮ ಅನ್ನೋ ಹೆಸರೇ ಇತ್ತು. ಒಂದು ಅಂಕಿ ಅಳಿಸಿ ಅದರ ಜಾಗದಲ್ಲಿ ಇನ್ನೊಂದು ಬರೀತಿದ್ದರು. ಕೊನೆಗೆ ಉತ್ತರ ಉಳೀತಿತ್ತು, ಹೆಜ್ಜೆ ಅಳಿದುಹೋಗ್ತಿತ್ತು. ಐಗಳ ಮಠದಲ್ಲೂ ಮಕ್ಕಳು ಮರಳಲ್ಲೇ ಅಕ್ಷರ ತಿದ್ದುತ್ತಿದ್ದರು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಮಾತ್ರ ಬಾಯಲ್ಲಿ ನಿಲ್ಲುತ್ತಿತ್ತು.

ಎಐ ಮಾಡೋ ಮೂಲ ಕೆಲಸ ಮುಂದಿನ ತುಂಡು ಪದ ಯಾವುದು ಅಂತ ಊಹಿಸೋದು. ಒಂದೇ ಏಟಿಗೆ ಉತ್ತರ ಕೇಳಿದರೆ ಇಡೀ ಲೆಕ್ಕ ಆ ಒಂದು ಊಹೆಯೊಳಗೇ ಮುಗೀಬೇಕು. ಹೆಜ್ಜೆ ಬರೆದರೆ ತಾನು ಬರೆದದ್ದನ್ನೇ ಓದಿಕೊಂಡು ಮುಂದೆ ಹೋಗುತ್ತೆ. ಇಲ್ಲಿ ಧೂಳು ಅಳಿಯಲ್ಲ, ಅದೇ ದೊಡ್ಡ ಅನುಕೂಲ.

ಇದು ಎಲ್ಲರ ಗಮನಕ್ಕೆ ಬಂದದ್ದು 2022ರಲ್ಲಿ. ಜನವರಿಯಲ್ಲಿ ಗೂಗಲ್‌ನವರು ಶಾಲೆ ಮಕ್ಕಳ ಮಾತಿನ ಲೆಕ್ಕಗಳ ಮೇಲೆ ತಮ್ಮ ಪದ್ಧತಿ ಪ್ರಕಟಿಸಿದರು. ಹೆಜ್ಜೆ ಬರೆದ ಎಂಟು ಮಾದರಿ ಲೆಕ್ಕ ಮುಂದಿಟ್ಟರೆ ಅವರ ದೊಡ್ಡ ಮಾಡೆಲ್‌ನ ಸರಿ ಉತ್ತರ 100ಕ್ಕೆ ಸುಮಾರು 18 ಇದ್ದದ್ದು 57ಕ್ಕೆ ಏರಿತು. ಅದೇ ಮೇ ತಿಂಗಳಲ್ಲಿ ಟೋಕಿಯೋ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು ಮಾದರಿಯೇ ಇಲ್ಲದೆ 'ಒಂದೊಂದೇ ಹೆಜ್ಜೆ ಯೋಚಿಸೋಣ' ಅನ್ನೋ ಅರ್ಥದ ಒಂದು ವಾಕ್ಯ ಸೇರಿಸಿ ನೋಡಿದರು. ಒಂದು ಲೆಕ್ಕದ ಪರೀಕ್ಷೆಯಲ್ಲಿ ಅಂಕ 18ರ ಹತ್ತಿರದಿಂದ 79ರ ಹತ್ತಿರ ಹೋಯಿತು. ನಮ್ಮ ಮೇಷ್ಟ್ರು ಬೋರ್ಡಿನ ಮುಂದೆ ನಿಂತು ಹೇಳ್ತಿದ್ದದ್ದೂ ಇದನ್ನೇ ಅಲ್ವಾ! 2024ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಐ, 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್, ಉತ್ತರಕ್ಕೆ ಮೊದಲು ಉದ್ದಕ್ಕೆ ಯೋಚಿಸೋಕೆ ತರಬೇತಿ ಪಡೆದ ಮಾಡೆಲ್‌ಗಳನ್ನು ಬಿಟ್ಟವು.

ಇನ್ನು ಒಂದು ತೊಡಕು. 2025ರ ಮಾರ್ಚ್‌ನಲ್ಲಿ ಆಂಥ್ರೊಪಿಕ್ ಕಂಪನಿ ತನ್ನ ಕ್ಲಾಡ್ ಮಾಡೆಲ್‌ನ ಒಳಗೆ ಇಣುಕಿ ನೋಡಿದ್ದನ್ನು ಪ್ರಕಟಿಸಿತು. 36ಕ್ಕೆ 59 ಕೂಡಿಸು ಅಂದರೆ ಒಳಗೆ ಎರಡು ದಾರಿ ಒಟ್ಟಿಗೆ ನಡೀತಿದ್ದವು: ಒಂದು ಮೊತ್ತದ ಅಂದಾಜು, ಇನ್ನೊಂದು ಕೊನೇ ಅಂಕಿ. ಎರಡೂ ಸೇರಿ 95. ಹೇಗೆ ಮಾಡಿದೆ ಅಂತ ಕೇಳಿದರೆ ಮಾತ್ರ ಶಾಲೆ ಪುಸ್ತಕದ ಹಾಗೆ 'ದಶಕ ಹಿಡಿದೆ' ಅಂದಿತು. ಉತ್ತರ ಸರಿ, ಹೇಳಿದ ದಾರಿ ಬೇರೆ.

ಹಾಗಂತ ಬರೆದ ಹೆಜ್ಜೆ ಬೇಡ ಅನ್ನೋ ಹಾಗಿಲ್ಲ. ಅದು ಪಾಕೆಟ್‌ಗೆ 50 ಬದಲು 45 ಕಿಲೋ ಅಂದುಕೊಂಡರೆ ಮುಂದಿನ ಗುಣಾಕಾರ, ಕಳೆಯುವುದು ಎಲ್ಲ ಸರಿಯಾಗಿದ್ದೂ 2,960 ರೂಪಾಯಿ ಕಡಿಮೆ ತೋರಿಸುತ್ತೆ. ಕೊನೇ ಮೊತ್ತ ಒಂದನ್ನೇ ನೋಡಿದರೆ ಅದು ಕಾಣಲ್ಲ. ಮೊದಲ ಸಾಲಿನ ತೂಕವನ್ನು ಮಂಡಿ ಚೀಟಿ ಜೊತೆ ಇಟ್ಟು ನೋಡಿದರೆ ಅಲ್ಲೇ ಸಿಗುತ್ತೆ.