ಹಾಲಿವುಡ್ ತೋರಿಸುವ ಅರಬ್ಬರು ಎಷ್ಟು ನಿಜ?

2015ರ ಡಿಸೆಂಬರ್‌ನಲ್ಲಿ ಅಮೆರಿಕದ ಪಬ್ಲಿಕ್ ಪಾಲಿಸಿ ಪೋಲಿಂಗ್ ಸಂಸ್ಥೆ ಮತದಾರರಿಗೆ ಒಂದು ಪ್ರಶ್ನೆ ಕೇಳಿತು: ಅಗ್ರಬಾ ಮೇಲೆ ಬಾಂಬ್ ಹಾಕುವುದನ್ನು ನೀವು ಬೆಂಬಲಿಸುತ್ತೀರಾ? ರಿಪಬ್ಲಿಕನ್ ಮತದಾರರಲ್ಲಿ ಶೇ. 30, ಡೆಮಾಕ್ರಟಿಕ್ ಮತದಾರರಲ್ಲಿ ಶೇ. 19 ಮಂದಿ ಹೌದು ಎಂದರು. ಆದರೆ ಅಗ್ರಬಾ ಯಾವ ಭೂಪಟದಲ್ಲೂ ಇಲ್ಲ. ಅದು ಡಿಸ್ನಿಯ ‘ಅಲ್ಲಾದ್ದೀನ್’ (1992) ಕಾರ್ಟೂನ್ ಚಿತ್ರದ ಕಾಲ್ಪನಿಕ ಊರು.

ಊರು ಕಾಲ್ಪನಿಕ, ಆದರೆ ಅದರ ಹೆಸರು ಕೇಳಿ ಹುಟ್ಟಿದ ಭಯ ನಿಜ. ಇಂಥ ಭಯವನ್ನು ಬೆಳೆಸುವುದರಲ್ಲಿ ಸಿನಿಮಾದ ಪಾಲು ದೊಡ್ಡದು.

ಈ ಚಿತ್ರಣ ಹೇಗೆ ಬೆಳೆಯಿತು?

1921ರ ಮೂಕಿಚಿತ್ರ ‘ದ ಶೇಕ್’ನಲ್ಲಿ ಅರಬ್ ನಾಯಕ ಇಂಗ್ಲಿಷ್ ಯುವತಿಯನ್ನು ಅಪಹರಿಸುತ್ತಾನೆ. ಕೊನೆಗೆ ಅವನ ತಂದೆ-ತಾಯಿ ಯುರೋಪಿನವರು ಎಂದು ತಿಳಿಯುತ್ತದೆ. ಪ್ರೀತಿಗೆ ಅರ್ಹನಾಗಲು ಅವನು ಅರಬ್ ಆಗಿರಬಾರದಿತ್ತು! 1973ರ ತೈಲ ಬಿಕ್ಕಟ್ಟಿನ ನಂತರ ಜಗತ್ತನ್ನೇ ಕೊಳ್ಳಲು ಹೊರಟ ಹಣವಂತ ಶೇಕ್ ತೆರೆಗೆ ಬಂದ. ‘ಟ್ರೂ ಲೈಸ್’ (1994) ಹೊತ್ತಿಗೆ ಅರಬ್ ಎಂದರೆ ಬಾಂಬ್ ಹಿಡಿದವನು ಎಂಬಂತಾಗಿತ್ತು.

ಲೆಬನಾನ್ ಮೂಲದ ಅಮೆರಿಕನ್ ಪ್ರಾಧ್ಯಾಪಕ ಜ್ಯಾಕ್ ಶಾಹೀನ್ 900ಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿ 2001ರಲ್ಲಿ ‘ರೀಲ್ ಬ್ಯಾಡ್ ಅರಬ್ಸ್’ ಪುಸ್ತಕ ಬರೆದರು. ಅರಬ್ಬರನ್ನು ಒಳ್ಳೆಯ ರೀತಿಯಲ್ಲಿ ತೋರಿಸಿದ ಚಿತ್ರಗಳು ಅವರಿಗೆ ಸಿಕ್ಕಿದ್ದು ಸುಮಾರು ಒಂದು ಡಜನ್ ಮಾತ್ರ.

ಅರಬ್ಬರೆಲ್ಲ ಮುಸ್ಲಿಮರೇ?

ಅಲ್ಲ. ಲೆಬನಾನ್, ಸಿರಿಯಾ, ಪ್ಯಾಲೆಸ್ಟೀನ್‌ಗಳಲ್ಲಿ ಕ್ರೈಸ್ತ ಅರಬ್ಬರಿದ್ದಾರೆ. ಮುಸ್ಲಿಮರೆಲ್ಲ ಅರಬ್ಬರೂ ಅಲ್ಲ. ಇರಾನಿನ ಮುಖ್ಯ ಭಾಷೆ ಪರ್ಷಿಯನ್, ಟರ್ಕಿಯದು ಟರ್ಕಿಶ್. ಅರಬ್ ಲೀಗ್‌ನಲ್ಲೇ 22 ಸದಸ್ಯ ರಾಷ್ಟ್ರಗಳಿವೆ. ಮರುಭೂಮಿ, ಒಂಟೆ, ಗಡ್ಡ ಇಷ್ಟನ್ನೇ ತೋರಿಸುವ ಚಿತ್ರಗಳು ಈ ವ್ಯತ್ಯಾಸಗಳನ್ನೆಲ್ಲ ಅಳಿಸಿಬಿಡುತ್ತವೆ.

ಸಿನಿಮಾ ತಾನೇ, ಅದರಿಂದೇನು?

ಒಂದು ಚಿತ್ರದಿಂದ ಹೆಚ್ಚೇನೂ ಆಗದು. ಪರಿಣಾಮ ಬೀರುವುದು ಪುನರಾವರ್ತನೆ. ಪದೇ ಪದೇ ನೋಡಿದ್ದನ್ನು ನಾವು ಲೋಕದ ರೀತಿ ಎಂದು ನಂಬತೊಡಗುತ್ತೇವೆ ಎಂದು ಟಿವಿ ವೀಕ್ಷಕರ ಅಧ್ಯಯನದಿಂದ ಜಾರ್ಜ್ ಗರ್ಬ್ನರ್ ವಾದಿಸಿದ್ದರು. ನಿಜಜೀವನದಲ್ಲಿ ಅರಬ್ಬರ ಪರಿಚಯವೇ ಇಲ್ಲದವರಿಗೆ ತೆರೆಯ ಮೇಲಿನವನೇ ಏಕೈಕ ಅರಬ್.

1995ರಲ್ಲಿ ಅಮೆರಿಕದ ಒಕ್ಲಹೋಮ ನಗರದಲ್ಲಿ ಬಾಂಬ್ ಸ್ಫೋಟಿಸಿ 168 ಜನ ಸತ್ತಾಗ ಮಾಧ್ಯಮಗಳ ಆರಂಭಿಕ ಅನುಮಾನ ಹೋಗಿದ್ದು ಮಧ್ಯಪ್ರಾಚ್ಯದ ಕಡೆಗೆ. ಬಾಂಬ್ ಇಟ್ಟವನು ಅಮೆರಿಕದ್ದೇ ಮಾಜಿ ಸೈನಿಕ ಟಿಮೊತಿ ಮೆಕ್‌ವೇ.

ಬದಲಾವಣೆ ಸಾಧ್ಯವೇ?

ಸಾಧ್ಯ. ‘ಅಲ್ಲಾದ್ದೀನ್’ನ ಆರಂಭದ ಹಾಡಿನಲ್ಲಿ ಅರಬ್ಬರ ನಾಡನ್ನು ಕಿವಿ ಕತ್ತರಿಸುವ ನಾಡೆಂದು ಬಣ್ಣಿಸಲಾಗಿತ್ತು. ಅರಬ್-ಅಮೆರಿಕನ್ನರು ಪ್ರತಿಭಟಿಸಿದ ಮೇಲೆ 1993ರ ವಿಡಿಯೊ ಆವೃತ್ತಿಯಲ್ಲಿ ಡಿಸ್ನಿ ಆ ಸಾಲನ್ನು ಬದಲಿಸಿತು. ‘ತ್ರೀ ಕಿಂಗ್ಸ್’ (1999) ಚಿತ್ರಕ್ಕೆ ಶಾಹೀನ್ ಅವರೇ ಸಲಹೆಗಾರರಾಗಿದ್ದರು.

ಮುಂದಿನ ಸಲ ಇಂಥ ಚಿತ್ರ ನೋಡುವಾಗ ಗಮನಿಸಿ: ಆ ಅರಬ್ ಪಾತ್ರಕ್ಕೆ ಹೆಸರಿದೆಯೇ? ಮನೆ-ಮಂದಿ, ಉದ್ಯೋಗ ಇವೆಯೇ? ಅವನ ಮಾತಿಗೆ ಸಬ್‌ಟೈಟಲ್ ಇದೆಯೇ, ಅಥವಾ ಅದು ಬರೀ ಕಿರುಚಾಟವೇ? ಉತ್ತರ ಇಲ್ಲವೆಂದಾದರೆ ನೀವು ನೋಡುತ್ತಿರುವುದು ಮನುಷ್ಯನನ್ನಲ್ಲ, ಅಚ್ಚೊತ್ತಿದ ಗೊಂಬೆಯನ್ನು.