ಹಾಟ್ ಸೀಟ್ ಯಾರ ಮನೆಯ ಕುರ್ಚಿ?

ಭಾರತದ ಕಿರುತೆರೆಯ ಇತಿಹಾಸದಲ್ಲಿ 2000ನೇ ಇಸವಿಯ ಜುಲೈ 3 ಮರೆಯಲಾಗದ ದಿನ. ಅಂದು ರಾತ್ರಿ 9 ಗಂಟೆಗೆ ಸ್ಟಾರ್ ಪ್ಲಸ್ ವಾಹಿನಿಯಲ್ಲಿ ಅಮಿತಾಭ್ ಬಚ್ಚನ್ 'ಕೌನ್ ಬನೇಗಾ ಕರೋಡ್‌ಪತಿ' ನಡೆಸಿಕೊಡಲು ಕುಳಿತರು. ಅದುವರೆಗೆ ದೊಡ್ಡ ಪರದೆಗಷ್ಟೇ ಮೀಸಲಾಗಿದ್ದ ನಟ ಮನೆಯ ಪಡಸಾಲೆಗೆ ಇಳಿದು ಬಂದಿದ್ದರು. ಸರಿಯುತ್ತರ ಹೇಳಿದವರಿಗೆ ಒಂದು ಕೋಟಿ ರೂಪಾಯಿಯವರೆಗೆ ಬಹುಮಾನ. ಹಿಂದಿ ಪ್ರೇಕ್ಷಕರ ಪೈಪೋಟಿಯಲ್ಲಿ ಹಿಂದೆ ಬಿದ್ದಿದ್ದ ಸ್ಟಾರ್ ಪ್ಲಸ್ ಕೆಲವೇ ತಿಂಗಳಲ್ಲಿ ಮುಂಚೂಣಿಗೆ ಬಂತು.

ಹತ್ತು ವರ್ಷ ಕಳೆಯಿತು. 2010ರ ಅಕ್ಟೋಬರ್ 11ರಂದು, ಬಚ್ಚನ್ ಅವರ 68ನೇ ಹುಟ್ಟುಹಬ್ಬದ ದಿನವೇ, ಅದೇ ಕಾರ್ಯಕ್ರಮ ಅದೇ ಹೆಸರಿನಲ್ಲಿ ಮತ್ತೆ ಆರಂಭವಾಯಿತು. ಬಿಸಿ ಏರಿಸುವ ಆ ಕುರ್ಚಿ, ಎದೆ ಬಡಿತದಂಥ ಆ ಹಿನ್ನೆಲೆ ಸಂಗೀತ, 'ಲಾಕ್' ಮಾಡುವ ಆ ಗತ್ತು ಎಲ್ಲವೂ ಇದ್ದವು. ಬದಲಾಗಿದ್ದುದು ಒಂದೇ: ಪರದೆಯ ಮೂಲೆಯಲ್ಲಿದ್ದ ಲಾಂಛನ. ಸ್ಟಾರ್ ಪ್ಲಸ್‌ನ ಭಾಗ್ಯದ ಬಾಗಿಲು ತೆರೆದ ಕಾರ್ಯಕ್ರಮ ಈಗ ಅದರ ಎದುರಾಳಿ ಸೋನಿ ವಾಹಿನಿಯ ಅಂಗಳದಲ್ಲಿತ್ತು.

ಸೊಸೆಯಂತೆ ಮನೆ ತುಂಬಿದ ಕಾರ್ಯಕ್ರಮವೊಂದು ಎದುರುಮನೆಗೆ ಹೊರಟುಹೋಗಲು ಸಾಧ್ಯವೇ? ಅದು ಸ್ಟಾರ್‌ನ ಸ್ವತ್ತಾಗಿರಲಿಲ್ಲವೇ?

ಇರಲಿಲ್ಲ. ಸ್ಟಾರ್ ಅದರ ಬಾಡಿಗೆದಾರನಾಗಿತ್ತು, ಅಷ್ಟೆ.

ಬೀಜ ಬಂದದ್ದು ಬ್ರಿಟನ್ನಿನಿಂದ

ಈ ಆಟದ ಮೂಲ ಬ್ರಿಟನ್ನಿನ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್'. ಸೆಲಡಾರ್ ಎಂಬ ನಿರ್ಮಾಣ ಸಂಸ್ಥೆ ರೂಪಿಸಿದ ಇದು 1998ರ ಸೆಪ್ಟೆಂಬರ್ 4ರಂದು ಅಲ್ಲಿನ ಐಟಿವಿಯಲ್ಲಿ ಮೊದಲು ಪ್ರಸಾರವಾಯಿತು. ನಡೆಸಿಕೊಟ್ಟವರು ಕ್ರಿಸ್ ಟ್ಯಾರಂಟ್. ಜನ ಮುಗಿಬಿದ್ದು ನೋಡಿದರು. ಸೆಲಡಾರ್ ಮಾಡಿದ ಜಾಣತನವೆಂದರೆ ಕಾರ್ಯಕ್ರಮದ ಜೊತೆಗೆ ಅದನ್ನು ತಯಾರಿಸುವ ವಿಧಾನವನ್ನೂ ಮಾರಿದ್ದು. ದೀಪಗಳು ಯಾವಾಗ ಕೆಳಗಿಳಿಯಬೇಕು, ಪ್ರಶ್ನೆಗಳು ಹೇಗೆ ಕಠಿಣವಾಗುತ್ತ ಹೋಗಬೇಕು, ಸ್ಪರ್ಧಿಗೆ ಯಾವ ಹಂತದಲ್ಲಿ ಯಾವ ನೆರವು ಎಂಬುದೆಲ್ಲ ಸೇರಿದ ಈ ಸಿದ್ಧ ಮಾದರಿಗೆ ಉದ್ಯಮದಲ್ಲಿ 'ಫಾರ್ಮ್ಯಾಟ್' ಎಂದು ಹೆಸರು. ಹಣ ಕೊಟ್ಟು ಪರವಾನಗಿ ಪಡೆದವರು ಗೊತ್ತಾದ ಅವಧಿಗೆ ತಮ್ಮ ಭಾಷೆಯಲ್ಲಿ ಅದನ್ನು ಮಾಡಿಕೊಳ್ಳಬಹುದು. ಸ್ಟಾರ್ ಮಾಡಿದ್ದೂ ಅದನ್ನೇ.

ಹಣ ಕೊಡದೆ ನಕಲು ಮಾಡಿದರೇನು? ಮಾಡಿದವರೂ ಇದ್ದರು. 2000ದಲ್ಲೇ ಜೀ ವಾಹಿನಿ 'ಸವಾಲ್ ದಸ್ ಕರೋಡ್ ಕಾ' ಎಂದು ಹತ್ತು ಪಟ್ಟು ಬಹುಮಾನದ ಆಸೆ ತೋರಿಸಿತು. ಅನುಪಮ್ ಖೇರ್ ಮತ್ತು ಮನಿಷಾ ಕೊಯಿರಾಲಾ ಅದರ ನಿರೂಪಕರು. 2001ರಲ್ಲಿ ಸೋನಿ ವಾಹಿನಿ ಗೋವಿಂದರನ್ನು ಕರೆತಂದು 'ಜೀತೊ ಛಪ್ಪರ್ ಫಾಡ್ ಕೆ' ಮಾಡಿತು. ಎರಡೂ ಬಹುಕಾಲ ಬಾಳಲಿಲ್ಲ.

ಪ್ರಶ್ನೆ ಕೇಳಿ ಬಹುಮಾನ ಕೊಡುವ ವಿಚಾರ ಯಾರೊಬ್ಬರ ಆಸ್ತಿಯೂ ಅಲ್ಲ. ಇದಕ್ಕೆ ಸಂಬಂಧಿಸಿದ ಪ್ರಸಿದ್ಧ ಮೊಕದ್ದಮೆಯೊಂದಿದೆ. ಬ್ರಿಟನ್ನಿನ ಹ್ಯೂಯಿ ಗ್ರೀನ್ ಎಂಬ ನಿರೂಪಕ 'ಆಪರ್ಚುನಿಟಿ ನಾಕ್ಸ್' ಎಂಬ ಪ್ರತಿಭಾ ಸ್ಪರ್ಧೆ ನಡೆಸುತ್ತಿದ್ದರು. ನ್ಯೂಜಿಲೆಂಡಿನ ಪ್ರಸಾರ ಸಂಸ್ಥೆ ಅದೇ ಹೆಸರಿನಲ್ಲಿ, ಅದೇ ಬಗೆಯ ಕಾರ್ಯಕ್ರಮ ಮಾಡಿತು. ಗ್ರೀನ್ ನ್ಯಾಯಾಲಯದ ಮೆಟ್ಟಿಲೇರಿದರು. ದಾವೆ ಕೊನೆಗೆ ಲಂಡನ್ನಿನ ಪ್ರೀವಿ ಕೌನ್ಸಿಲ್‌ವರೆಗೆ ಹೋಯಿತು. 1989ರಲ್ಲಿ ಅಲ್ಲಿಯೂ ಗ್ರೀನ್ ಸೋತರು. ಬಿಡಿಬಿಡಿಯಾದ ಲಕ್ಷಣಗಳ ಸಡಿಲ ಜೋಡಣೆಗೆ ಕೃತಿಸ್ವಾಮ್ಯ ಸಲ್ಲದು ಎಂಬುದು ತೀರ್ಪಿನ ಸಾರ.

ಹಾಗಿದ್ದೂ ವಾಹಿನಿಗಳು ಪರವಾನಗಿಗೆ ಹಣ ಸುರಿಯುವುದೇಕೆ? ಹೆಸರು, ಸಂಗೀತ, ರಂಗಸಜ್ಜಿಕೆ, ಬೇರೆ ದೇಶಗಳಲ್ಲಿ ಮಾಡಿ ನೋಡಿದ ಅನುಭವ ಇವೆಲ್ಲ ಒಟ್ಟಿಗೆ ಕೈಸೇರುವುದು ಪರವಾನಗಿಯಿಂದ ಮಾತ್ರ. ಪಾಯಸಕ್ಕೆ ಹಾಲು, ಬೆಲ್ಲ ಬೇಕೆಂದು ಎಲ್ಲರೂ ಬಲ್ಲರು. ಹದ ಬಲ್ಲವರು ಕೆಲವರೇ.

ಒಡೆತನ ಕೈಬದಲಾದಾಗ

ಇತ್ತ ಭಾರತದಲ್ಲಿ ಆಟ ಏಳುಬೀಳು ಕಂಡಿತು. 2005ರಲ್ಲಿ ಬಹುಮಾನವನ್ನು ಎರಡು ಕೋಟಿಗೆ ಏರಿಸಿ ಸ್ಟಾರ್ ಎರಡನೆಯ ಸರಣಿ ಆರಂಭಿಸಿತು. ಬಚ್ಚನ್ ಅಸ್ವಸ್ಥರಾದದ್ದರಿಂದ ಅದು ನಡುವೆಯೇ ನಿಂತಿತು. 2007ರಲ್ಲಿ ಶಾರುಖ್ ಖಾನ್ ಆ ಜಾಗಕ್ಕೆ ಬಂದರು. ಮೊದಲ ದಿನಗಳ ಕುತೂಹಲ ಕೊನೆಯವರೆಗೆ ಉಳಿಯಲಿಲ್ಲ. ಆ ಬಳಿಕ ಮೂರು ವರ್ಷ ಕಾರ್ಯಕ್ರಮದ ಸುದ್ದಿಯೇ ಇರಲಿಲ್ಲ.

ಅದೇ ಹೊತ್ತಿಗೆ ಯೂರೋಪಿನಲ್ಲಿ ಬೇರೆಯದೇ ವಹಿವಾಟು ನಡೆದಿತ್ತು. 2006ರ ಕೊನೆಗೆ ಸೆಲಡಾರ್‌ನ ಫಾರ್ಮ್ಯಾಟ್ ಹಕ್ಕುಗಳನ್ನು ನೆದರ್ಲೆಂಡ್ಸ್‌ನ ಟೂವೇಟ್ರಾಫಿಕ್ ಕಂಪೆನಿ ಕೊಂಡಿತು. 2008ರಲ್ಲಿ ಆ ಕಂಪೆನಿಯನ್ನೇ ಸೋನಿ ಪಿಕ್ಚರ್ಸ್ ಕೊಂಡಿತು. ಭಾರತದ ಸೋನಿ ವಾಹಿನಿಯೂ ಇದೇ ಬಳಗಕ್ಕೆ ಸೇರಿದ್ದು. ಏಳು ವರ್ಷ ಹಿಂದೆ ಅನುಕರಣೆ ಮಾಡಿ ಸೋತಿದ್ದ ಮನೆಗೆ ಅಸಲಿ ಆಟದ ಹಕ್ಕುಪತ್ರವೇ ನಡೆದು ಬಂದಂತಾಯಿತು. 2010ರ ಸ್ಥಳಾಂತರದಲ್ಲಿ ಅಚ್ಚರಿಪಡುವಂಥದ್ದೇನೂ ಇರಲಿಲ್ಲ. ಮರುವರ್ಷ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಸೋನಿಯ ಹಾಟ್ ಸೀಟ್‌ನಲ್ಲಿ ಕುಳಿತು ಐದು ಕೋಟಿ ರೂಪಾಯಿ ಗೆದ್ದರು.

ಸೋನಿ ಪಡೆದದ್ದಷ್ಟೇ ಅಲ್ಲ, ಕಳೆದುಕೊಂಡದ್ದೂ ಉಂಟು. ನೆದರ್ಲೆಂಡ್ಸ್‌ನಲ್ಲಿ 1999ರಲ್ಲಿ ಹುಟ್ಟಿದ 'ಬಿಗ್ ಬ್ರದರ್'ನ ಹಿಂದಿ ರೂಪ 'ಬಿಗ್ ಬಾಸ್' 2006ರಲ್ಲಿ ಮೊದಲು ಬಂದದ್ದು ಸೋನಿಯಲ್ಲಿ. 2008ರಲ್ಲಿ ಅದು ಆಗತಾನೆ ಹುಟ್ಟಿದ್ದ ಕಲರ್ಸ್ ವಾಹಿನಿಗೆ ಹೋಯಿತು.

ಕನ್ನಡದ ಮನೆ ಬದಲಾವಣೆ

ಫಾರ್ಮ್ಯಾಟ್ ಹಕ್ಕು ಭಾಷೆಭಾಷೆಗೆ ಬೇರೆಬೇರೆಯಾಗಿ ಮಾರಾಟವಾಗುತ್ತದೆ. ಹಾಗಾಗಿ ಹಿಂದಿಯಲ್ಲಿ ಸ್ಟಾರ್‌ನಿಂದ ಕೈತಪ್ಪಿದ ಆಟ ಕನ್ನಡದಲ್ಲಿ ಸ್ಟಾರ್ ಬಳಗದ ಸುವರ್ಣ ವಾಹಿನಿಯಲ್ಲೇ ಶುರುವಾಯಿತು. 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ನಡೆಸಿಕೊಟ್ಟಾಗ ಕರ್ನಾಟಕದ ಹಳ್ಳಿಹಳ್ಳಿಯೂ ಅದನ್ನು ತನ್ನದಾಗಿಸಿಕೊಂಡಿತು. 2018ರ ಸರಣಿಯನ್ನು ಅದೇ ವಾಹಿನಿಗಾಗಿ ರಮೇಶ್ ಅರವಿಂದ್ ನಡೆಸಿದರು. 2019ರಲ್ಲಿ ಆಟ ಕಲರ್ಸ್ ಕನ್ನಡಕ್ಕೆ ಸ್ಥಳಾಂತರವಾಯಿತು. ಪುನೀತ್ ಮರಳಿ ಬಂದರು.

ಕನ್ನಡದ 'ಬಿಗ್ ಬಾಸ್' ಕಥೆ ಇನ್ನೂ ಸ್ವಾರಸ್ಯಕರ. 2013ರಲ್ಲಿ ಮೊದಲ ಸರಣಿ ಈಟಿವಿ ಕನ್ನಡದಲ್ಲಿ, 2014ರಲ್ಲಿ ಎರಡನೆಯದು ಸುವರ್ಣದಲ್ಲಿ, 2015ರಲ್ಲಿ ಮೂರನೆಯದು ಕಲರ್ಸ್ ಕನ್ನಡದಲ್ಲಿ. ಈಟಿವಿ ಕನ್ನಡವೇ ಆ ವರ್ಷ ಕಲರ್ಸ್ ಕನ್ನಡವೆಂದು ಹೆಸರು ಬದಲಿಸಿಕೊಂಡಿದ್ದರಿಂದ, ಕಾರ್ಯಕ್ರಮ ಹೊಸ ಫಲಕ ತೂಗಿಸಿಕೊಂಡ ಹಳೆಯ ಮನೆಗೇ ವಾಪಸಾದಂತಾಯಿತು. ಮೂರೂ ಕಡೆ ನಿರೂಪಕರು ಒಬ್ಬರೇ, ನಟ ಸುದೀಪ್. ಪ್ರೇಕ್ಷಕರು ಅವರ ಹಿಂದೆಯೇ ವಾಹಿನಿಯಿಂದ ವಾಹಿನಿಗೆ ನಡೆದರು.

ಈ ಎಲ್ಲ ಓಡಾಟದಿಂದ ತಿಳಿದುಬರುವುದೇನು? ಕಾರ್ಯಕ್ರಮವೊಂದಕ್ಕೆ ಮೂರು ಒಡೆತನಗಳಿವೆ. ವಿಚಾರ ಎಲ್ಲರದು. ವಿಧಾನ ಹಕ್ಕುಪತ್ರ ಹೊಂದಿದ ವರ್ತಕನದು. ಪ್ರೀತಿ ಪ್ರೇಕ್ಷಕನದು, ಅದು ಅಂಟಿಕೊಳ್ಳುವುದು ಮನುಷ್ಯನಿಗೆ. 2007ರಲ್ಲಿ ವಾಹಿನಿ ಹಳೆಯದೇ ಇತ್ತು, ಮುಖ ಬದಲಾಗಿತ್ತು. ಜನರ ಒಲವು ತಗ್ಗಿತು. 2010ರಲ್ಲಿ ವಾಹಿನಿ ಬದಲಾಗಿತ್ತು, ಮುಖ ಹಳೆಯದಾಗಿತ್ತು. ಜನ ಮತ್ತೆ ಸೇರಿದರು.

ಆದರೆ ಮನೆ ಬದಲಾಯಿಸುವ ಖರ್ಚಿನಲ್ಲಿ ಪ್ರೇಕ್ಷಕನ ಪಾಲೂ ಇದೆ. 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರ ವ್ಯವಸ್ಥೆ ಜಾರಿಗೆ ಬಂದ ಮೇಲೆ ಪಾವತಿ ವಾಹಿನಿಗಳಿಗೆ ಒಂದೊಂದಕ್ಕೂ ಬೆಲೆ ನಿಗದಿಯಾಯಿತು. ಬೇಕಾದ್ದನ್ನು ಆರಿಸಿ ಹಣ ಕಟ್ಟಬೇಕು. 'ಕೋಟ್ಯಧಿಪತಿ' ಕಲರ್ಸ್‌ಗೆ ಹೋದದ್ದೂ ಅದೇ ವರ್ಷ. ಸುವರ್ಣವನ್ನಷ್ಟೇ ಆರಿಸಿಕೊಂಡಿದ್ದ ಮನೆಯವರು ಮೆಚ್ಚಿನ ಆಟಕ್ಕಾಗಿ ಇನ್ನೊಂದು ವಾಹಿನಿಗೂ ಹಣ ತೆರಬೇಕಿತ್ತು. ಒಪ್ಪಂದಕ್ಕೆ ಸಹಿ ಹಾಕುವ ಮೇಜಿನ ಬಳಿ ಅವರಿಗೆ ಕುರ್ಚಿ ಇರಲಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡರು. 2024ರ ನವೆಂಬರ್‌ನಲ್ಲಿ ಸ್ಟಾರ್ ಮತ್ತು ವಯಾಕಾಮ್18 ವಿಲೀನವಾಗಿ ಜಿಯೋಸ್ಟಾರ್ ರೂಪುಗೊಂಡಿತು. 'ಕೋಟ್ಯಧಿಪತಿ'ಗಾಗಿ ಒಮ್ಮೆ ಎದುರುಬದುರಾಗಿದ್ದ ಸುವರ್ಣ ಮತ್ತು ಕಲರ್ಸ್ ಕನ್ನಡ ಒಂದೇ ಸೂರಿನಡಿ ಬಂದವು. ಪೈಪೋಟಿಯ ಗೋಡೆ ಬಿತ್ತು. ಆ ಕುರ್ಚಿ ಯಾವ ವಾಹಿನಿಯದಾಗಿತ್ತೆಂದು ಕೇಳಿದರೆ ಇಂದು ಬಹಳ ಮಂದಿ ತಡವರಿಸಿಯಾರು. ಅದರ ಎದುರಿಗೆ ಯಾರು ಕುಳಿತಿದ್ದರೆಂದು ಕೇಳಿದರೆ ಕನ್ನಡಿಗರಿಗೆ ಯಾವ ಲೈಫ್‌ಲೈನೂ ಬೇಕಾಗುವುದಿಲ್ಲ.